ಆಯಸ್ಸಿನ ಲೆಕ್ಕ

ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋಥೆರಪಿ ಪ್ರಾರಂಭವಾದ ಮನೆಯಲ್ಲಿ ಎಲ್ಲರ ಮನಸ್ಸಿನಲ್ಲಿಯೂ ಸುಳಿದಾಡುವ ಪ್ರಶ್ನೆ ಒಂದೇ: ಇನ್ನೆಷ್ಟು ಕಾಲ? ರೋಗಿ ಅದನ್ನು ಕೇಳಲು ಹಿಂಜರಿಯುತ್ತಾನೆ. ಹೆಂಡತಿ ಮಕ್ಕಳು ಅವನಿಲ್ಲದ ಹೊತ್ತು ನೋಡಿ ವೈದ್ಯನನ್ನು ಕೇಳುತ್ತಾರೆ. ವೈದ್ಯನು ಒಂದು ಅಂಕಿಯನ್ನು ಹೇಳುತ್ತಾನೆ, ಇಲ್ಲವೆ ಮಾತು ಮರೆಸುತ್ತಾನೆ. ಹೇಳಿದ ಪಕ್ಷದಲ್ಲಿ ಆ ಅಂಕಿ, ಎಂಟು ತಿಂಗಳೆಂದೋ ಒಂದು ವರ್ಷವೆಂದೋ, ಅವರೊಡನೆ ಮನೆಗೆ ಬಂದು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿದ ದಿನದಂತೆ ಕುಳಿತುಬಿಡುತ್ತದೆ. ಎದೆರೋಗಗಳ ವೈದ್ಯನಾದ ನಾನು ಈ ಪ್ರಶ್ನೆಯನ್ನು ಬಹಳ ಸಲ ಎದುರಿಸಿದ್ದೇನೆ. ಆ ಅಂಕಿ ಎಲ್ಲಿಂದ ಬರುತ್ತದೆ, ಅದು ಹೇಳುವುದೇನು, ಹೇಳಲಾರದ್ದೇನು ಎಂಬುದನ್ನು ಈ ಹೊತ್ತು ವಿವರಿಸಬೇಕೆಂದಿದ್ದೇನೆ.

ಮೊದಲು ಔಷಧದ ಮಾತು. ಕ್ಯಾನ್ಸರಿಗೆ ರಾಸಾಯನಿಕ ಚಿಕಿತ್ಸೆ ಹುಟ್ಟಿದ್ದು ಯುದ್ಧದ ವಿಷದಿಂದ. ಮೊದಲನೆಯ ಮಹಾಯುದ್ಧದಲ್ಲಿ ಸೈನಿಕರನ್ನು ಸುಟ್ಟ ಮಸ್ಟರ್ಡ್ ಅನಿಲಕ್ಕೆ ಬಂಧುವಾದ ನೈಟ್ರೋಜನ್ ಮಸ್ಟರ್ಡ್ ಎಂಬ ವಸ್ತುವನ್ನು 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಗುಡ್‌ಮನ್ ಮತ್ತು ಗಿಲ್‌ಮನ್ ಎಂಬ ವಿಜ್ಞಾನಿಗಳು ದುಗ್ಧಗ್ರಂಥಿಗಳ ಕ್ಯಾನ್ಸರಿನ ರೋಗಿಯೊಬ್ಬನ ಮೇಲೆ ಪ್ರಯೋಗಿಸಿದರು. ಯುದ್ಧಕಾಲದ ಗುಟ್ಟಾದುದರಿಂದ ಸಂಗತಿ ಪ್ರಕಟವಾದದ್ದು 1946ರಲ್ಲಿ. ಆಮೇಲೆ ನ್ಯೂಯಾರ್ಕಿನ ಡೇವಿಡ್ ಕಾರ್ನಾಫ್‌ಸ್ಕಿ ಎಂಬ ವೈದ್ಯ ಮತ್ತು ಅವನ ಸಂಗಡಿಗರು ಅದೇ ಔಷಧವನ್ನು ಶ್ವಾಸಕೋಶದ ಕ್ಯಾನ್ಸರಿನವರಿಗೆ ಕೊಟ್ಟು, 1948ರಲ್ಲಿ ಫಲಿತಾಂಶಗಳನ್ನು ಪ್ರಕಟಿಸಿದರು. ಕೆಲವರಲ್ಲಿ ಗಡ್ಡೆ ಕುಗ್ಗಿತು, ಉಸಿರು ಸಲೀಸಾಯಿತು. ಆದರೆ ಆ ಸುಖ ಬಹುಕಾಲ ನಿಲ್ಲಲಿಲ್ಲ. ಹೀಗಿರುವಾಗ ಔಷಧದಿಂದ ಲಾಭವಾಯಿತೆಂದು ಹೇಳುವುದು ಯಾವ ಆಧಾರದ ಮೇಲೆ? ಅದಕ್ಕಾಗಿ ಕಾರ್ನಾಫ್‌ಸ್ಕಿ ನೂರರ ಒಂದು ಅಳತೆಗೋಲನ್ನು ಮಾಡಿದನು. ಯಾವ ತೊಂದರೆಯೂ ಇಲ್ಲದೆ ಓಡಾಡುವವನಿಗೆ ನೂರು, ದುಡಿಯಲಾಗದಿದ್ದರೂ ತನ್ನ ಕೆಲಸ ತಾನು ಮಾಡಿಕೊಳ್ಳುವವನಿಗೆ ಎಪ್ಪತ್ತು, ಇತರರ ನೆರವು ಬಹಳಷ್ಟು ಬೇಕಾದವನಿಗೆ ಐವತ್ತು, ಸಾವಿಗೆ ಸೊನ್ನೆ. ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಎಷ್ಟು ದಿನ ಬದುಕಿದ ಎಂಬ ಪ್ರಶ್ನೆಯೂ ಆ ದಿನಗಳನ್ನು ಹೇಗೆ ಬದುಕಿದ ಎಂಬ ಪ್ರಶ್ನೆಯೂ ಈ ಚಿಕಿತ್ಸೆಯ ಬಾಲ್ಯದಲ್ಲಿಯೇ ಜೊತೆಯಾಗಿ ಹುಟ್ಟಿದವು ಎಂಬುದನ್ನು ನಾವು ಮರೆಯಬಾರದು.

ಇಂದು ಶ್ವಾಸಕೋಶದ ಕ್ಯಾನ್ಸರಿಗೆ ಕೊಡುವ ಕೀಮೋಥೆರಪಿಯ ಬೆನ್ನೆಲುಬು ಪ್ಲಾಟಿನಮ್ ಎಂಬ ಲೋಹದ ಸಂಯುಕ್ತಗಳು. 1965ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಬಾರ್ನೆಟ್ ರೋಸೆನ್‌ಬರ್ಗ್, ವಿದ್ಯುತ್ತು ಬ್ಯಾಕ್ಟೀರಿಯಾಗಳ ಮೇಲೆ ಏನು ಪರಿಣಾಮ ಮಾಡುತ್ತದೆಂದು ನೋಡುತ್ತಿದ್ದನು. ಆ ಜೀವಿಗಳು ಒಡೆದು ಎರಡಾಗುವುದನ್ನು ನಿಲ್ಲಿಸಿ, ದಾರದಂತೆ ಉದ್ದವಾಗಿ ಬೆಳೆದವು. ಕಾರಣ ವಿದ್ಯುತ್ತಾಗಿರಲಿಲ್ಲ, ವಿದ್ಯುದ್ವಾರಗಳಿಂದ ಕರಗಿ ಬಂದ ಪ್ಲಾಟಿನಮ್ ಆಗಿತ್ತು. ಹೀಗೆ ದೊರೆತ ಸಿಸ್‌ಪ್ಲಾಟಿನ್ 1978ರಲ್ಲಿ ಅಮೆರಿಕದಲ್ಲಿ ಔಷಧವಾಗಿ ಮನ್ನಣೆ ಪಡೆಯಿತು. ಅದನ್ನು, ಇಲ್ಲವೆ ಅದರ ತಮ್ಮನಂತಿರುವ ಕಾರ್ಬೊಪ್ಲಾಟಿನನ್ನು, ಮತ್ತೊಂದು ಔಷಧದ ಜೊತೆ ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ನಾಲ್ಕು ಸುತ್ತು ಕೊಡುವುದು ವಾಡಿಕೆ. ಮೂರು ವಾರಗಳ ಬಿಡುವು ಏಕೆಂದರೆ, ಒಡೆದು ಹೆಚ್ಚುವ ಜೀವಕೋಶಗಳನ್ನು ಕೊಲ್ಲುವ ಈ ಔಷಧಗಳಿಗೆ ತನ್ನವರು ಪರರೆಂಬ ಭೇದ ಚೆನ್ನಾಗಿ ತಿಳಿಯದು. ಮೂಳೆಯ ಮಜ್ಜೆ, ಕೂದಲಿನ ಬುಡ, ಕರುಳಿನ ಒಳಪೊರೆ, ಇವುಗಳ ಕೋಶಗಳೂ ಸದಾ ಹೆಚ್ಚುತ್ತಿರುವಂಥವೇ. ಅವು ಚೇತರಿಸಿಕೊಳ್ಳಲು ಸಮಯ ಬೇಕು.

ಇನ್ನು ಅಂಕಿಗಳಿಗೆ ಬರೋಣ. ಕೀಮೋಥೆರಪಿಯಾದ ಮೇಲೆ ಆಯಸ್ಸು ಎಷ್ಟು ಎಂದು ಒಂದೇ ಮಾತಿನಲ್ಲಿ ಹೇಳಲು ಬಾರದು. ಏಕೆಂದರೆ ಅದನ್ನು ಕೊಡುವ ಉದ್ದೇಶವೇ ಬೇರೆ ಬೇರೆ.

ರೋಗ ಬೇಗನೆ ಪತ್ತೆಯಾಗಿ, ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ಪೂರ್ತಿ ತೆಗೆದಮೇಲೆ, ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕೋಶಗಳ ನಾಶಕ್ಕಾಗಿ ಕೀಮೋಥೆರಪಿ ಕೊಡುವುದುಂಟು. ಇಲ್ಲಿ ಗುರಿ ರೋಗವನ್ನು ಗುಣಪಡಿಸುವುದೇ. 2004ರಲ್ಲಿ ಪ್ರಕಟವಾದ, 1,867 ರೋಗಿಗಳು ಭಾಗವಹಿಸಿದ ದೊಡ್ಡ ಪರೀಕ್ಷೆಯೊಂದರಲ್ಲಿ, ಶಸ್ತ್ರಚಿಕಿತ್ಸೆ ಮಾತ್ರ ಆದವರಲ್ಲಿ ಐದು ವರ್ಷಗಳ ನಂತರ ಬದುಕಿದ್ದವರು ನೂರಕ್ಕೆ 40.4, ಕೀಮೋಥೆರಪಿಯೂ ಆದವರಲ್ಲಿ 44.5. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಬೇಕು. ನೂರು ಜನರಲ್ಲಿ ನಲವತ್ತು ಮಂದಿ ಔಷಧವಿಲ್ಲದೆಯೂ ಉಳಿಯುತ್ತಿದ್ದರು. ಐವತ್ತೈದು ಮಂದಿ ಔಷಧ ಪಡೆದರೂ ಐದು ವರ್ಷ ತುಂಬಲಿಲ್ಲ. ನಾಲ್ಕು ಮಂದಿಯನ್ನು ಮಾತ್ರ ಔಷಧ ಉಳಿಸಿತು. ಆ ನಾಲ್ವರಿಗಾಗಿ ನೂರು ಮಂದಿಯೂ ವಾಂತಿ, ನಿಶ್ಶಕ್ತಿಗಳನ್ನು ಸಹಿಸಬೇಕಾಯಿತು. ಆದರೆ ಆ ನಾಲ್ವರು ಯಾರೆಂದು ಮುಂಚಿತವಾಗಿ ಬೆರಳಿಟ್ಟು ತೋರಿಸುವವರು ಯಾರೂ ಇಲ್ಲವಾದುದರಿಂದ ನೂರು ಮಂದಿಗೂ ಕೊಡಲೇಬೇಕಾಗುತ್ತದೆ.

ಎದೆಯೊಳಗೇ ಇದ್ದರೂ ಕತ್ತರಿಸಿ ತೆಗೆಯಲಾಗದ ಮಟ್ಟಿಗೆ ಹರಡಿದ ರೋಗಕ್ಕೆ ಕೀಮೋಥೆರಪಿಯೊಡನೆ ವಿಕಿರಣ ಚಿಕಿತ್ಸೆಯನ್ನೂ ಕೊಡುತ್ತಾರೆ. ಇದು ಮುಗಿದ ಮೇಲೆ ಒಂದು ವರ್ಷ ಕಾಲ ಡುರ್ವಾಲುಮ್ಯಾಬ್ ಎಂಬ, ದೇಹದ ರಕ್ಷಣಾಶಕ್ತಿಯನ್ನು ಎಚ್ಚರಿಸುವ ಔಷಧವನ್ನು ಕೊಟ್ಟು ನೋಡಿದ ಪರೀಕ್ಷೆಯ ಮೊದಲ ಫಲ 2017ರಲ್ಲಿ ಹೊರಬಂತು. ಐದು ವರ್ಷಗಳಿಗೆ ನೂರರಲ್ಲಿ 42.9 ಮಂದಿ ಬದುಕಿದ್ದರು. ಆ ಔಷಧವಿಲ್ಲದವರಲ್ಲಿ 33.4.

ಮೂರನೆಯದು ರೋಗ ಎದೆಯನ್ನು ದಾಟಿ ಮೂಳೆ, ಮಿದುಳು, ಯಕೃತ್ತುಗಳಿಗೆ ಹೋದ ಸ್ಥಿತಿ. ನಮ್ಮಲ್ಲಿ ಬಹುಮಂದಿ ಆಸ್ಪತ್ರೆಯ ಮೆಟ್ಟಿಲು ಹತ್ತುವುದು ರೋಗ ಹೀಗೆ ಬಲಿತ ಮೇಲೆಯೇ. ಕೆಮ್ಮು, ಕಫದಲ್ಲಿ ರಕ್ತ, ತೂಕದ ಇಳಿತ, ಎಕ್ಸ್-ರೇಯಲ್ಲಿ ಒಂದು ನೆರಳು: ಕ್ಷಯ ಹೆಚ್ಚಾಗಿರುವ ನಾಡಿನಲ್ಲಿ ಇವೆಲ್ಲ ಮೊದಲು ಕ್ಷಯವೆಂದೇ ಕಾಣುತ್ತವೆ, ಕ್ಷಯದ ಮಾತ್ರೆಗಳಲ್ಲಿ ಎಷ್ಟೋ ಜನರ ತಿಂಗಳುಗಳು ಕಳೆದುಹೋಗುತ್ತವೆ. ಈ ಹಂತದಲ್ಲಿ ಕೀಮೋಥೆರಪಿಯಿಂದ ಮಾತ್ರ ರೋಗ ಗುಣವಾಗುವುದಿಲ್ಲ. ಅದು ಕೊಡುವುದು ಕಾಲವನ್ನು, ಮತ್ತು ಅನೇಕರಿಗೆ ಕೆಮ್ಮು ಉಬ್ಬಸಗಳಿಂದ ಬಿಡುಗಡೆಯನ್ನು. 2008ರಲ್ಲಿ 16 ಪರೀಕ್ಷೆಗಳ 2,714 ರೋಗಿಗಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗ, ಒಂದು ವರ್ಷದ ನಂತರ ಬದುಕಿದ್ದವರ ಪ್ರಮಾಣ ಕೀಮೋಥೆರಪಿಯಿಂದ ನೂರಕ್ಕೆ 20ರಿಂದ 29ಕ್ಕೆ ಏರಿತ್ತು. ಮಧ್ಯಾಂಕ ಆಯಸ್ಸು ನಾಲ್ಕೂವರೆ ತಿಂಗಳಿಂದ ಆರು ತಿಂಗಳಾಗಿತ್ತು. 2002ರ ಒಂದು ಪರೀಕ್ಷೆಯಲ್ಲಿ ಪ್ಲಾಟಿನಮ್ ಸೇರಿದ ನಾಲ್ಕು ಬಗೆಯ ಜೋಡಿಗಳನ್ನು ಹೋಲಿಸಿ ನೋಡಿದರು. ನಾಲ್ಕರಲ್ಲಿ ಯಾವುದೂ ಮತ್ತೊಂದಕ್ಕಿಂತ ಮೇಲಾಗಲಿಲ್ಲ; ಮಧ್ಯಾಂಕ ಎಂಟು ತಿಂಗಳಿಗೆ ಸ್ವಲ್ಪ ಕಡಮೆ. ಕೀಮೋಥೆರಪಿ ಒಂದರಿಂದಲೇ ಏರಬಹುದಾದ ಎತ್ತರ ಇಷ್ಟೇ ಎಂದು ಆಗ ತೋರಿತು.

ಸಣ್ಣಕೋಶದ ಕ್ಯಾನ್ಸರ್ ಎಂಬ ಇನ್ನೊಂದು ಜಾತಿಯಿದೆ. ನೂರರಲ್ಲಿ ಹದಿನೈದರಷ್ಟು ರೋಗಿಗಳದು ಅದು. ಬಿಸಿಲಿಗೆ ಮಂಜು ಕರಗಿದಂತೆ ಕೀಮೋಥೆರಪಿಗೆ ಅದು ಬೇಗ ಕರಗುತ್ತದೆ. ಮನೆಯವರು ಗೆದ್ದೆವೆಂದುಕೊಳ್ಳುವಷ್ಟರಲ್ಲಿ ಬಹುಮಂದಿಯಲ್ಲಿ ಮರಳಿ ಬರುತ್ತದೆ. ಹಾಗೆಂದು ಎಲ್ಲರಲ್ಲಿಯೂ ಅಲ್ಲ. ರೋಗ ಎದೆಯ ಒಂದು ಪಕ್ಕಕ್ಕೆ ಸೀಮಿತವಾಗಿದ್ದಾಗ ಔಷಧ ಮತ್ತು ವಿಕಿರಣಗಳನ್ನು ಕೂಡಿಸಿ ಕೊಟ್ಟ 1999ರ ಪರೀಕ್ಷೆಯಲ್ಲಿ, ದಿನಕ್ಕೆ ಎರಡು ಸಲ ವಿಕಿರಣ ಪಡೆದವರಲ್ಲಿ ನೂರಕ್ಕೆ 26 ಮಂದಿ ಐದು ವರ್ಷ ದಾಟಿದರು.

ಮೇಲೆ ಮಧ್ಯಾಂಕವೆಂಬ ಶಬ್ದವನ್ನು ಬಳಸಿದೆ. ವೈದ್ಯನು ಎಂಟು ತಿಂಗಳೆಂದಾಗ ಹೇಳುತ್ತಿರುವುದು ಇದನ್ನೇ. ಮನೆಯವರು ಕೇಳಿಸಿಕೊಳ್ಳುವುದು ಬೇರೆಯದನ್ನು. ಒಂದೇ ಬಗೆಯ ರೋಗವಿದ್ದ ನೂರು ಜನರನ್ನು ಅವರು ಬದುಕಿದ ಕಾಲದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದಿರೆಂದು ಭಾವಿಸಿ. ಎಲ್ಲರಿಗಿಂತ ಕಡಮೆ ಬದುಕಿದವನು ಈ ತುದಿಯಲ್ಲಿ, ಎಲ್ಲರಿಗಿಂತ ಹೆಚ್ಚು ಬದುಕಿದವನು ಆ ತುದಿಯಲ್ಲಿ. ಸಾಲಿನ ನಟ್ಟನಡುವೆ ನಿಂತವನ ಆಯಸ್ಸೇ ಮಧ್ಯಾಂಕ. ಅದು ಎಂಟು ತಿಂಗಳಾದರೆ, ಐವತ್ತು ಜನ ಅದಕ್ಕೆ ಮೊದಲೇ ತೀರಿಕೊಂಡರು, ಐವತ್ತು ಜನ ಅದನ್ನು ದಾಟಿದರು ಎಂದಷ್ಟೇ ಅರ್ಥ. ದಾಟಿದವರು ಎಷ್ಟು ದೂರ ದಾಟಿದರೆಂಬುದನ್ನು ಮಧ್ಯಾಂಕ ಹೇಳುವುದಿಲ್ಲ. ಮೊದಲ ಐವತ್ತು ಜನರಿಗೆ ನಿಲ್ಲಲು ಇರುವುದು ಎಂಟು ತಿಂಗಳ ಇಕ್ಕಟ್ಟಾದ ಜಾಗ. ಎರಡನೆಯ ಐವತ್ತು ಜನರ ಸಾಲು ಎರಡು ವರ್ಷ, ಐದು ವರ್ಷ, ಕೆಲವೊಮ್ಮೆ ಅದಕ್ಕೂ ಆಚೆಗೆ ಚಾಚಿಕೊಂಡಿರುತ್ತದೆ.

ಈ ಸಂಗತಿಯನ್ನು ತನ್ನ ಮೈಯಲ್ಲಿಯೇ ಅರಿತು ಬರೆದವನು ಹಾರ್ವರ್ಡಿನ ಪ್ರಾಕ್ತನಜೀವಿ ವಿಜ್ಞಾನಿ ಸ್ಟೀಫನ್ ಜೇ ಗೌಲ್ಡ್. 1982ರಲ್ಲಿ, ನಲವತ್ತನೆಯ ವಯಸ್ಸಿನಲ್ಲಿ, ಅವನಿಗೆ ಹೊಟ್ಟೆಯ ಒಳಪೊರೆಯ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್ ಇರುವುದು ತಿಳಿಯಿತು. ಅದು ಶ್ವಾಸಕೋಶದ ರೋಗವಲ್ಲದಿದ್ದರೂ ಅಷ್ಟೇ ಕಠಿಣವಾದುದು. ಗ್ರಂಥಾಲಯಕ್ಕೆ ಹೋಗಿ ತೆರೆದು ನೋಡಿದರೆ, ಮಧ್ಯಾಂಕ ಆಯಸ್ಸು ಎಂಟು ತಿಂಗಳು ಎಂದಿತ್ತು. ಅಂಕಿಅಂಶಗಳ ಸ್ವಭಾವವನ್ನು ಬಲ್ಲ ಗೌಲ್ಡ್, ತಾನು ಸಾಲಿನ ಯಾವ ಭಾಗದಲ್ಲಿ ನಿಲ್ಲಬಹುದೆಂದು ಯೋಚಿಸಿದನು. ವಯಸ್ಸು ಚಿಕ್ಕದು, ರೋಗ ಬೇಗ ಪತ್ತೆಯಾಗಿದೆ, ಒಳ್ಳೆಯ ಚಿಕಿತ್ಸೆ ದೊರೆಯುತ್ತಿದೆ. ಹೀಗಿರುವಾಗ ಬಲಗಡೆಯ ಉದ್ದನೆಯ ಬಾಲದಲ್ಲಿ ತನಗೂ ಒಂದು ಸ್ಥಳವಿರಬಹುದೆಂದು ಲೆಕ್ಕ ಹಾಕಿದನು. ಇದನ್ನು ಕುರಿತು 1985ರಲ್ಲಿ ಡಿಸ್ಕವರ್ ಪತ್ರಿಕೆಯಲ್ಲಿ ಅವನು ಬರೆದ ಪ್ರಬಂಧವನ್ನು ಇಂದಿಗೂ ಕ್ಯಾನ್ಸರ್ ರೋಗಿಗಳು ಓದುತ್ತಾರೆ. ಅವನು ತೀರಿಕೊಂಡದ್ದು 2002ರಲ್ಲಿ, ಇಪ್ಪತ್ತು ವರ್ಷಗಳ ಮೇಲೆ; ಅದೂ ಆ ರೋಗದಿಂದಲ್ಲ, ಅದಕ್ಕೆ ಸಂಬಂಧಪಡದ ಬೇರೊಂದು ಕ್ಯಾನ್ಸರಿನಿಂದ.

ಗೌಲ್ಡನ ಕಥೆಯನ್ನು ಕೇಳಿದವರು ಧೈರ್ಯ ತಾಳುತ್ತಾರೆ, ತಾಳಲಿ. ಆದರೆ ಅದರ ಪಕ್ಕದಲ್ಲಿ ಇನ್ನೊಂದು ಕಥೆಯನ್ನೂ ಇಟ್ಟುಕೊಳ್ಳಬೇಕು. ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ನರಶಸ್ತ್ರವೈದ್ಯನಾಗಿ ತರಬೇತಿ ಮುಗಿಸುತ್ತಿದ್ದ, ಭಾರತೀಯ ಮೂಲದ ಪಾಲ್ ಕಲಾನಿಧಿಗೆ 2013ರಲ್ಲಿ, ಮೂವತ್ತಾರನೆಯ ವಯಸ್ಸಿನಲ್ಲಿ, ಬಲಿತ ಶ್ವಾಸಕೋಶದ ಕ್ಯಾನ್ಸರ್ ಇರುವುದು ತಿಳಿಯಿತು. ಅವನ ಕಡೆಯಲ್ಲಿಯೂ ವಯಸ್ಸಿತ್ತು, ವಿದ್ಯೆಯಿತ್ತು, ಉತ್ತಮ ಆಸ್ಪತ್ರೆಯಿತ್ತು. ಮೊದಲು ಮಾತ್ರೆ, ಆಮೇಲೆ ಕೀಮೋಥೆರಪಿ. ಎರಡು ವರ್ಷ ತುಂಬುವ ಮೊದಲೇ, 2015ರ ಮಾರ್ಚಿನಲ್ಲಿ, ಅವನು ತೀರಿಕೊಂಡನು. ಅವನು ತನ್ನ ಅಂಕಿಯನ್ನು ವೈದ್ಯೆಯಿಂದ ಹೇಳಿಸಲು ಬಯಸಿದ, ಆಕೆ ಒಪ್ಪಲಿಲ್ಲ. ಅಂಕಿ ದೊರೆತಿದ್ದರೂ ಬೆಳಗ್ಗೆ ಎದ್ದು ಏನು ಮಾಡಬೇಕೆಂಬುದನ್ನು ಅದು ತಿಳಿಸುತ್ತಿರಲಿಲ್ಲವೆಂದು ಅವನು ಕಂಡುಕೊಂಡನು. ದೊರೆತ ಕಾಲದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗೆ ಮರಳಿದನು, ಮಗಳೊಬ್ಬಳಿಗೆ ತಂದೆಯಾದನು, ಒಂದು ಪುಸ್ತಕ ಬರೆದನು. ಪುಸ್ತಕ ಅಚ್ಚಾಗಿ ಬಂದದ್ದು ಅವನ ಮರಣಾನಂತರ, 2016ರಲ್ಲಿ.

ಹಾಗಾದರೆ ಸಾಲಿನಲ್ಲಿ ಒಬ್ಬನು ಎಲ್ಲಿ ನಿಲ್ಲುವನೆಂದು ಊಹಿಸಲು ದಾರಿಯೇ ಇಲ್ಲವೆ? ಸ್ವಲ್ಪಮಟ್ಟಿಗೆ ಇದೆ. ರೋಗ ಎಷ್ಟು ದೂರ ಹರಡಿದೆ, ತೂಕ ಎಷ್ಟು ಇಳಿದಿದೆ, ಕಾರ್ನಾಫ್‌ಸ್ಕಿಯ ಅಳತೆಯಲ್ಲಿ ರೋಗಿ ಎಲ್ಲಿದ್ದಾನೆ, ಇವು ಮುಖ್ಯ. ಎದ್ದು ಓಡಾಡುವ ಎಪ್ಪತ್ತರ ಮುದುಕನಿಗೆ, ಹಾಸಿಗೆ ಹಿಡಿದ ಐವತ್ತರ ಪ್ರಾಯದವನಿಗಿಂತ ಕೀಮೋಥೆರಪಿ ಹೆಚ್ಚು ಒಗ್ಗುವುದುಂಟು. ಇದರ ಜೊತೆಗೆ, ಗಡ್ಡೆಯ ಕೋಶಗಳಲ್ಲಿರುವ ದೋಷ ಯಾವುದೆಂಬುದು ಈಗ ಬಹಳ ಮುಖ್ಯವಾಗಿದೆ. ಇ.ಜಿ.ಎಫ್.ಆರ್. ಎಂಬ ಜೀನಿನ ದೋಷದಿಂದ ಬರುವ ಕ್ಯಾನ್ಸರುಗಳು ಕೆಲವು ಮಾತ್ರೆಗಳಿಗೆ ಮಣಿಯುತ್ತವೆಂದು 2004ರಲ್ಲಿ ತಿಳಿಯಿತು. ಈ ದೋಷ ಪಾಶ್ಚಾತ್ಯರಿಗಿಂತ ಏಷ್ಯಾದವರಲ್ಲಿ ಹೆಚ್ಚು. ಅಂಥ ದೋಷವಿಲ್ಲದವರಿಗೆ, ಕೀಮೋಥೆರಪಿಯ ಜೊತೆ ಪೆಂಬ್ರೊಲಿಜುಮ್ಯಾಬ್ ಎಂಬ, ರಕ್ಷಣಾಶಕ್ತಿಯನ್ನು ಎಚ್ಚರಿಸುವ ಔಷಧವನ್ನು ಕೊಟ್ಟ ಪರೀಕ್ಷೆಯೊಂದು 2018ರಲ್ಲಿ ಪ್ರಕಟವಾಯಿತು. ಈ ಬಗೆಯ ಔಷಧಗಳಿಗೆ ದಾರಿಮಾಡಿದ ಆಲಿಸನ್ ಮತ್ತು ಹೊಂಜೊ ಅವರಿಗೆ ನೊಬೆಲ್ ಬಹುಮಾನ ಬಂದದ್ದೂ ಅದೇ ವರ್ಷ. ಆ ಪರೀಕ್ಷೆಯ ರೋಗಿಗಳನ್ನು ಐದು ವರ್ಷ ಗಮನಿಸಿದಾಗ, ಎರಡನ್ನೂ ಪಡೆದವರಲ್ಲಿ ನೂರಕ್ಕೆ 19.4, ಕೀಮೋಥೆರಪಿಯಿಂದ ಆರಂಭಿಸಿದವರಲ್ಲಿ 11.3 ಮಂದಿ ಬದುಕಿದ್ದರು. ದೂರ ಹರಡಿದ ರೋಗದಲ್ಲಿ ಐದು ವರ್ಷ ಎಂಬ ಮಾತೇ ಹಿಂದೆ ಅಪೂರ್ವವಾಗಿತ್ತು. ಬೆಲೆ ಮಾತ್ರ ನಮ್ಮ ಬಹುಪಾಲು ಮನೆಗಳಿಗೆ ಎಟುಕದಂಥದು. ಹಾಗೆ ಎಟುಕದೆ ಹೋದವನಿಗೆ ಹಳೆಯ ಅಂಕಿಯೇ ಗತಿ.

ಇಲ್ಲಿ ಇನ್ನೊಂದು ಮಾತನ್ನು ಹೇಳಬೇಕು. ಮೊದಲ ದಿನ ಹೇಳಿದ ಅಂಕಿ ಮೊದಲ ದಿನಕ್ಕೆ ಮಾತ್ರ ಸರಿ. ಬದುಕಿದವರ ಸಂಖ್ಯೆಯನ್ನು ಕಾಲದೊಡನೆ ಗುರುತಿಸುವ ನಕ್ಷೆಯ ಕ್ರಮವನ್ನು 1958ರಲ್ಲಿ ಕಪ್ಲಾನ್ ಮತ್ತು ಮೈಯರ್ ಎಂಬ ಗಣಿತಜ್ಞರು ಹೇಳಿಕೊಟ್ಟರು. ನೋಡಲು ಅದು ಬೆಟ್ಟದಿಂದ ಇಳಿಯುವ ಮೆಟ್ಟಿಲಸಾಲಿನಂತಿದೆ. ಸಾವು ಸಂಭವಿಸಿದ ಕಡೆಯಲ್ಲೆಲ್ಲ ಒಂದು ಮೆಟ್ಟಿಲು. ಮೊದಲಲ್ಲಿ ಇಳಿಜಾರು ಕಡಿದಾಗಿರುತ್ತದೆ, ಬರುಬರುತ್ತ ಸಪಾಟಾಗುತ್ತದೆ. ಕಡಿದಾದ ಭಾಗವನ್ನು ದಾಟಿಬಂದವನು ತಿರುಗಿ ಮೇಲಿನ ತುದಿಯಿಂದ ಲೆಕ್ಕ ಹಾಕಬೇಕಾಗಿಲ್ಲ. ತಾನು ನಿಂತ ಮೆಟ್ಟಿಲಿನಿಂದ ಹಾಕಬೇಕು. ವರ್ಷ ಕಳೆದು ಚೆನ್ನಾಗಿರುವ ರೋಗಿಯ ಮುಂದಿನ ಆಯಸ್ಸು, ಹಿಂದೆ ಹೇಳಿದ್ದರಲ್ಲಿ ಕಳೆದು ಉಳಿದದ್ದಲ್ಲ.

ವೈದ್ಯರ ಊಹೆಯಾದರೂ ಎಷ್ಟು ನೆಚ್ಚಬಹುದಾದದ್ದು? ಷಿಕಾಗೋ ನಗರದಲ್ಲಿ ಕ್ರಿಸ್ಟಾಕಿಸ್ ಮತ್ತು ಲಮಾಂಟ್ ಎಂಬಿಬ್ಬರು, ಬದುಕಿನ ಕೊನೆಯ ಆರೈಕೆಗೆ ಸೇರಿದ 468 ರೋಗಿಗಳ ಬಗ್ಗೆ ಅವರ ವೈದ್ಯರನ್ನು ವಿಚಾರಿಸಿ, ಆಮೇಲೆ ನಡೆದದ್ದರೊಡನೆ ಹೋಲಿಸಿ 2000ದಲ್ಲಿ ಪ್ರಕಟಿಸಿದರು. ಊಹೆ ಸರಿಯಾದದ್ದು ನೂರಕ್ಕೆ ಇಪ್ಪತ್ತು. ಇದ್ದುದಕ್ಕಿಂತ ಹೆಚ್ಚೆಂದು ಹೇಳಿದ್ದು ನೂರಕ್ಕೆ ಅರವತ್ತಮೂರು. ರೋಗಿಯ ಪರಿಚಯ ಹಳೆಯದಾದಷ್ಟೂ ವೈದ್ಯರ ತಪ್ಪು ಹೆಚ್ಚು. ಇದರಲ್ಲಿ ನನಗೆ ಆಶ್ಚರ್ಯವೇನೂ ಕಾಣುವುದಿಲ್ಲ. ವರ್ಷಗಟ್ಟಲೆ ಬಲ್ಲವನಿಗೆ ಕಡಮೆ ದಿನಗಳನ್ನು ಹೇಳಲು ನಾಲಗೆ ಏಳುವುದಿಲ್ಲ.

ಈ ಕಾರಣದಿಂದ ಒಂದೇ ಅಂಕಿಯನ್ನು ಹೇಳುವ ಬದಲು ಒಂದು ಹರವನ್ನು ಹೇಳುವುದು ಲೇಸೆಂದು ಆಸ್ಟ್ರೇಲಿಯಾದ ಸಿಡ್ನಿಯ ಕೆಲವು ವೈದ್ಯರು ತೋರಿಸಿಕೊಟ್ಟಿದ್ದಾರೆ. ಲೆಕ್ಕ ಸುಲಭವಾದುದು. ಮಧ್ಯಾಂಕ ಹತ್ತು ತಿಂಗಳೆಂದು ಇಟ್ಟುಕೊಳ್ಳಿ. ಅದರ ಅರ್ಧದಿಂದ ಎರಡರಷ್ಟರವರೆಗೆ, ಎಂದರೆ ಐದರಿಂದ ಇಪ್ಪತ್ತು ತಿಂಗಳ ನಡುವೆ, ಹೆಚ್ಚುಕಡಮೆ ಅರ್ಧದಷ್ಟು ಜನರ ಆಯಸ್ಸು ಬೀಳುತ್ತದೆ. ಹತ್ತರಲ್ಲಿ ಒಬ್ಬನು ಎರಡು ತಿಂಗಳೊಳಗೇ ಹೋಗಬಹುದು; ಹತ್ತರಲ್ಲಿ ಒಬ್ಬನು ಮೂವತ್ತು ತಿಂಗಳನ್ನು ದಾಟಬಹುದು. ಹೀಗೆ ಹೇಳಿದಾಗ ಮನೆಯವರು ಕೆಟ್ಟದ್ದಕ್ಕೂ ಸಿದ್ಧರಾಗಿರುತ್ತಾರೆ, ಒಳ್ಳೆಯದನ್ನೂ ಹಾರೈಸುತ್ತಾರೆ, ಎರಡೂ ಸುಳ್ಳಲ್ಲ.

ಮನೆಯವರ ಮಾತು ಬಂತು. ರೋಗಿಗೆ ಏನನ್ನೂ ಹೇಳಬಾರದೆಂದು ಕೈಹಿಡಿದು ಬೇಡಿಕೊಳ್ಳುವ ಮಕ್ಕಳನ್ನು ನಾನು ಕಂಡಿದ್ದೇನೆ. ಅದರ ಹಿಂದಿರುವ ಪ್ರೀತಿಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ರೋಗಿ ತಿಳಿಯದವನಲ್ಲ. ಕೋಣೆಗೆ ತಾನು ಬಂದಾಗ ನಿಂತುಹೋಗುವ ಮಾತಿನಿಂದಲೇ ಬಹಳಷ್ಟನ್ನು ಗ್ರಹಿಸುತ್ತಾನೆ. ತನಗೆ ತಿಳಿದಿದೆಯೆಂಬುದನ್ನು ಅವನೂ ಮುಚ್ಚಿಡುತ್ತಾನೆ. ಹೇಳಿದರೂ ತಿಳಿಯದಿರುವುದುಂಟು: 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿಗೆ ಕೀಮೋಥೆರಪಿ ಪಡೆಯುತ್ತಿದ್ದವರಲ್ಲಿ ನೂರಕ್ಕೆ ಅರವತ್ತೊಂಬತ್ತು ಮಂದಿ, ಅದರಿಂದ ಗುಣವಾಗುವ ಸಂಭವ ತೀರ ಕಡಮೆಯೆಂಬುದನ್ನು ಗ್ರಹಿಸಿರಲಿಲ್ಲ. ಇದರ ಪರಿಣಾಮ ಸಣ್ಣದಲ್ಲ. ಗುಣವಾಗುತ್ತದೆಂದು ನಂಬಿದವನು ಹೊಲ ಮಾರಿ ಐದನೆಯ, ಆರನೆಯ ಬಗೆಯ ಔಷಧವನ್ನೂ ಕೊಳ್ಳುತ್ತಾನೆ. ಹಾಸಿಗೆಯಿಂದ ಏಳಲಾರದ ಸ್ಥಿತಿಯಲ್ಲಿಯೂ ಇನ್ನೊಂದು ಸುತ್ತನ್ನು ಬೇಡುತ್ತಾನೆ. ಆ ಹಂತದಲ್ಲಿ ಔಷಧ ಕೊಡುವುದಕ್ಕಿಂತ ಕಸಿದುಕೊಳ್ಳುವುದೇ ಹೆಚ್ಚು. ಮಗಳ ಮದುವೆ, ಅಣ್ಣತಮ್ಮಂದಿರೊಡನೆ ರಾಜಿ, ಆಸ್ತಿಯ ಕಾಗದ, ಆಡದೆ ಉಳಿದ ಒಂದು ಮಾತು: ಇವುಗಳಿಗೆ ಸಲ್ಲಬೇಕಾಗಿದ್ದ ದಿನಗಳು ಆಸ್ಪತ್ರೆಯ ಪಡಸಾಲೆಯಲ್ಲಿ ಕಳೆದುಹೋಗುತ್ತವೆ.

ನೋವು, ಉಬ್ಬಸ, ಮನಸ್ಸಿನ ಕಳವಳಗಳನ್ನು ನೋಡಿಕೊಳ್ಳುವ ಉಪಶಮನ ಚಿಕಿತ್ಸೆಯೆಂದರೆ ಎಲ್ಲವೂ ಮುಗಿದ ಮೇಲೆ ಹೋಗುವ ಕಡೆಯೆಂಬ ಭಾವನೆ ನಮ್ಮಲ್ಲಿದೆ. 2010ರಲ್ಲಿ ಪ್ರಕಟವಾದ ಬಾಸ್ಟನ್ನಿನ ಪರೀಕ್ಷೆಯೊಂದರಲ್ಲಿ, ಹರಡಿದ ಶ್ವಾಸಕೋಶದ ಕ್ಯಾನ್ಸರಿನ 151 ರೋಗಿಗಳಲ್ಲಿ ಅರ್ಧದಷ್ಟು ಜನರಿಗೆ ಮೊದಲಿನಿಂದಲೇ, ಕೀಮೋಥೆರಪಿಯ ಜೊತೆಜೊತೆಗೇ, ಈ ಆರೈಕೆಯನ್ನು ಕೊಟ್ಟು ನೋಡಿದರು. ಅವರು ಕೊನೆಗಾಲದಲ್ಲಿ ಉಗ್ರವಾದ ಚಿಕಿತ್ಸೆಗಳನ್ನು ಕಡಮೆ ಪಡೆದರು, ಖಿನ್ನತೆಗೆ ಕಡಮೆ ಒಳಗಾದರು. ಹೀಗಿದ್ದೂ ಅವರ ಮಧ್ಯಾಂಕ ಆಯಸ್ಸು 11.6 ತಿಂಗಳು, ಉಳಿದವರದು 8.9. 1948ರಲ್ಲಿ ಕಾರ್ನಾಫ್‌ಸ್ಕಿ ಜೊತೆಯಾಗಿ ಇಟ್ಟ ಎರಡು ಪ್ರಶ್ನೆಗಳು ಇಲ್ಲಿ ಮತ್ತೆ ಕೂಡಿದವು: ದಿನಗಳು ಚೆನ್ನಾದಾಗ ಅವುಗಳ ಸಂಖ್ಯೆಯೂ ಹೆಚ್ಚಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯ ಎಂಬ ಸಂಸ್ಥೆ ಗುಣವಾಗದ ಕ್ಯಾನ್ಸರಿನವರಿಗೆ ಹಣ ತೆಗೆದುಕೊಳ್ಳದೆ ಇಂಥ ಆರೈಕೆ ಕೊಡುತ್ತ ಬಂದಿದೆ. ನೋವಿಗೆ ರಾಮಬಾಣವಾದ ಮಾರ್ಫೀನ್ ರೋಗಿಗಳ ಕೈಗೆ ಸೇರಲು ಅಡ್ಡಿಯಾಗಿದ್ದ ಕಾನೂನನ್ನು ಸಂಸತ್ತು 2014ರಲ್ಲಿ ಸಡಿಲಿಸಿತು. ಸರಿಯಾದ ಅಳತೆಯಲ್ಲಿ ಕೊಟ್ಟ ಮಾರ್ಫೀನು ಉಬ್ಬಸವನ್ನೂ ತಗ್ಗಿಸುತ್ತದೆ. ಅದನ್ನು ಕೇಳುವುದು ಸೋಲೊಪ್ಪಿದಂತೆ ಎಂದು ಯಾರೂ ಭಾವಿಸಬೇಕಾಗಿಲ್ಲ.

ಕೀಮೋಥೆರಪಿಗೆ ಹೊರಟವರು ವೈದ್ಯನನ್ನು ಕೇಳಬೇಕಾದ ಕೆಲವು ಪ್ರಶ್ನೆಗಳನ್ನು ಹೇಳಿ ಮುಗಿಸುತ್ತೇನೆ. ಈ ಔಷಧವನ್ನು ಕೊಡುವುದು ಗುಣಪಡಿಸಲೋ, ಕಾಲವನ್ನು ಹೆಚ್ಚಿಸಲೋ, ಕಷ್ಟವನ್ನು ತಗ್ಗಿಸಲೋ? ಗಡ್ಡೆಯ ಜೀನುಗಳ ಪರೀಕ್ಷೆ ಆಗಿದೆಯೆ? ಎಲ್ಲ ಸರಿಹೋದರೆ ಎಷ್ಟು ಕಾಲ, ಕೆಟ್ಟರೆ ಎಷ್ಟು, ಬಹುಮಂದಿಗೆ ಎಷ್ಟು? ಎರಡು ಸುತ್ತುಗಳಾದ ಮೇಲೆ ಗಡ್ಡೆ ಕುಗ್ಗದಿದ್ದರೆ ಏನು ಮಾಡುವಿರಿ? ನೋವು ಉಬ್ಬಸಗಳನ್ನು ಇಂದಿನಿಂದಲೇ ನೋಡಿಕೊಳ್ಳುವವರು ಯಾರು? ಇವುಗಳನ್ನು ಕೇಳುವಾಗ, ಅವನು ಒಲ್ಲೆನೆನ್ನದಿದ್ದರೆ, ರೋಗಿಯೂ ಪಕ್ಕದಲ್ಲಿರಲಿ. ಲೆಕ್ಕ ಅವನ ಆಯಸ್ಸಿನದು. ಅದನ್ನು ಹೇಗೆ ವೆಚ್ಚ ಮಾಡಬೇಕೆಂಬುದರಲ್ಲಿ ಮೊದಲ ಮಾತು ಅವನದಾಗಬೇಕು.